ಡೇರೆಯ ಸೂರಿನಲ್ಲಿ ನೀಲಿ ಬಾಗಿಲು

ಡೇರೆಯೊಳಗೆ ಮೊದಲು ನುಗ್ಗಿದವಳು ಗುಬ್ಬಿ. ಮೊದಲು ಕಿರುಚಿದವಳೂ ಅವಳೇ. ಆದರೆ ಆ ಕಿರುಚಾಟಕ್ಕೆ ಬರುವ ಮುಂಚೆ ಡೇರೆ ಹುಟ್ಟಿದ್ದು ಹೇಗೆ ಅಂತ ಹೇಳಲೇಬೇಕು. ಹುಟ್ಟಿದ ಕಥೆ ಹೇಳದೆ ರಾಜಕುಮಾರನನ್ನು ಕಾಡಿಗೆ ಕಳಿಸಿದವರು ಯಾರಿದ್ದಾರೆ?

ಗುಬ್ಬಿಯ ಅಮ್ಮನನ್ನು ಬೀದಿಯವರೆಲ್ಲ ಟೈಲರಮ್ಮ ಅಂತಲೇ ಕರೆಯುತ್ತಿದ್ದರು. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಕೂತು ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿಯುವುದು ಅವಳ ಕೆಲಸ. ಕಿಟಕಿಯ ಕೆಳಗೆ ಮಿಷನ್ನು, ಅದರ ಪಕ್ಕ ಬಟ್ಟೆ ಕತ್ತರಿಸುವ ಮೇಜು, ಮೇಜಿನಡಿ ಗಂಟುಗಂಟಾಗಿ ಬಟ್ಟೆ. ಶಾಲೆ ತೆರೆಯುವ ಮುಂಚಿನ ಮೂರು ತಿಂಗಳಲ್ಲಿ ಆ ಕೋಣೆ ದುಡಿದದ್ದೇ ಮನೆಯವರ ವರ್ಷದ ಊಟ. ನೀಲಿ ಬಾಗಿಲಿನ ಮನೆ ಅಂದರೆ ಸಾಕು, ಸುತ್ತಲ ಐದಾರು ಬೀದಿಯ ತಾಯಂದಿರು ಕಣ್ಣು ಮುಚ್ಚಿಕೊಂಡು ಬಂದುಬಿಡುತ್ತಿದ್ದರು.

ಗಂಡ ಬ್ಯಾನರ್ ಅಂಗಡಿಯಲ್ಲಿ ಪ್ರಿಂಟ್ ಹಾಕುವವನು. ಪ್ರಿಂಟ್ ಹಾಕಿದ್ದನ್ನು ಏಣಿ ಹತ್ತಿ ಕಟ್ಟಿ ಬರುವವನೂ ಅವನೇ. ಒಳ್ಳೆಯವನು. ಆದರೆ ಯಾರು ಏನು ಕೇಳಿದರೂ ತಲೆಯಾಡಿಸುವವನು. "ನಿನ್ನ ಗಂಡನ ಕುತ್ತಿಗೇಲಿ ಮೂಳೆ ಇಲ್ಲ ಕಣಮ್ಮ, ಸ್ಪ್ರಿಂಗ್ ಇದೆ. ನಾನೇ ಹೆತ್ತಿದ್ದು, ನಂಗೆ ಗೊತ್ತಿಲ್ವಾ?" ಅಂತ ಅತ್ತೆಯೇ ಆಡಿಕೊಳ್ಳುತ್ತಿದ್ದರು.

ಗುಬ್ಬಿ ಒಂದು ದಿನ ಶಾಲೆಯಿಂದ ಬಂದವಳೇ ಚೀಲ ಎಸೆದು ಕೂತಳು. ತರಗತಿಯಲ್ಲಿ ಎಲ್ಲರೂ ಡೇರೆಯಲ್ಲಿ ಮಲಗಿ ಬಂದಿದ್ದಾರಂತೆ. ಇವಳೊಬ್ಬಳೇ ಇಲ್ಲವಂತೆ. ಟೈಲರಮ್ಮ ಮಾರನೆಯ ದಿನ ಅಂಗಡಿಗೆ ಹೋಗಿ ಡೇರೆಯ ಬೆಲೆ ಕೇಳಿದಳು. ಕೇಳಿದ ಮೇಲೆ ಅಂಗಡಿಯವನಿಗೆ ಒಂದು ನಮಸ್ಕಾರ ಹಾಕಿ ಈಚೆ ಬಂದಳು. ಬರುವ ದಾರಿಯುದ್ದಕ್ಕೂ ಯೋಚಿಸುತ್ತಾ ಬಂದಳು. ಡೇರೆ ಅಂದರೇನು? ನಾಲ್ಕು ಹೊಲಿಗೆ. ಇಡೀ ಊರಿನ ಮಕ್ಕಳಿಗೆ ಹೊಲಿಯುವವಳು ತನ್ನ ಮಗಳಿಗೊಂದು ಮನೆ ಹೊಲಿಯಲಾರಳೇ?

"ರೀ, ನಿಮ್ಮ ಅಂಗಡೀಲಿ ತಪ್ಪು ಪ್ರಿಂಟ್ ಆದ ಬ್ಯಾನರೆಲ್ಲ ಏನ್ಮಾಡ್ತಾರೆ?"

"ಎಸೀತಾರೆ."

"ತಂದುಕೊಡಿ. ಡೇರೆ ಹೊಲೀತೀನಿ. ರಜೇಲಿ ಕೆರೆ ದಂಡೆಗೆ ಹೋಗಿ ಒಂದಿನ ಇದ್ದು ಬರೋಣ."

ಗಂಡ ತಲೆಯಾಡಿಸಿದ. ಯಾವತ್ತಿಗಿಂತ ಜೋರಾಗಿಯೇ ಆಡಿಸಿದ. ಅದು ಅವಳಿಗೆ ಆಮೇಲೆ ನೆನಪಾಯಿತು.

ಬ್ಯಾನರ್ ಹೊಲಿಯುವುದು ಅಂಗಿ ಹೊಲಿದಂತಲ್ಲ. ಬಣ್ಣದ ಬದಿ ಮೇಲಿದ್ದರೆ ಮಿಷನ್ನಿನ ಪಾದಕ್ಕೆ ಅಂಟಿಕೊಂಡು ಮುಂದೆ ಹೋಗುವುದೇ ಇಲ್ಲ. ಹಾಗಾಗಿ ಬಿಳಿ ಬೆನ್ನು ಮೇಲೆ, ಬಣ್ಣ ಕೆಳಗೆ. ಗೆರೆ ಎಳೆದದ್ದೂ ಬಿಳಿಯ ಮೇಲೆ, ಕತ್ತರಿಸಿದ್ದೂ ಬಿಳಿಯ ಮೇಲೆ. ಡೇರೆಗೂ ಬಿಳಿಯೇ ಹೊರಗಿರಲಿ ಅಂದುಕೊಂಡಳು. ಇಲ್ಲದಿದ್ದರೆ ಸಾಬೂನಿನ ಜಾಹೀರಾತು ನೋಡಿ ಜನ ಸಾಬೂನು ಕೊಳ್ಳಲು ಬಂದಾರು. ಎರಡು ವಾರ, ಕೆಲಸ ಮುಗಿದ ಮೇಲೆ ಒಂದೊಂದು ಗಂಟೆ, ಬಿಳಿಯನ್ನೇ ನೋಡುತ್ತಾ ಹೊಲಿದಳು. ಕೊನೆಗೆ ಸೂರಿನ ಒಂದು ಬದಿಗೆ ತುಂಡು ಸಾಲಲಿಲ್ಲ. ಬೀರುವಿನ ಹಿಂದೆ ಇನ್ನೊಂದು ಸುರುಳಿ ನಿಂತಿತ್ತು. ಎಳೆದಳು, ಅಳೆದಳು, ಸೇರಿಸಿದಳು. ಒಳ್ಳೆಯ ಗಟ್ಟಿ ಮಾಲು, ಇದನ್ನು ಎಸೆಯುವವರಿಗೆ ಬುದ್ಧಿ ಇಲ್ಲ ಅಂದುಕೊಂಡಳು.

ಕೊನೆಯ ಬಸ್ ನಿಲ್ದಾಣದಿಂದ ಒಂದು ಮೈಲಿ ನಡೆದರೆ ಕೆರೆ. ಎರಡು ಮರಗಳ ನಡುವೆ ಹಗ್ಗ ಎಳೆದು ಅದರ ಮೇಲೆ ಡೇರೆ ಹೊದಿಸಿದರು. ಗೂಟದ ಬದಲಿಗೆ ಮರಳು ತುಂಬಿದ ನೀರಿನ ಬಾಟಲಿಗಳು, ನೆಲಕ್ಕೆ ಹಳೆಯ ಹಾಸಿಗೆಯ ಹೊದಿಕೆ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಅತ್ತೆಗೊಂದು ಮಡಚುವ ಕುರ್ಚಿ. ಪಕ್ಕದ ಮನೆಯಿಂದ ಕಡ ತಂದ ಸಣ್ಣ ಸ್ಟೌವನ್ನು ಗಂಡ ಮರದಡಿ ಇಟ್ಟುಕೊಂಡು ಟೀ ಕಾಯಿಸುತ್ತಾ ಕೂತ. ನಡುಹಗಲು. ಬಿಸಿಲು ನೇರ ಡೇರೆಯ ನೆತ್ತಿಗೆ ಬಿದ್ದಿತ್ತು.

"ಗೋಡೆ ಇರೋ ಮನೆ ಬಿಟ್ಟು ಬಟ್ಟೆ ಮನೇಲಿ ಮಲಗೋಕೆ ಬಂದಿದೀವಿ. ಯಾರಾದ್ರೂ ಕೇಳಿದ್ರೆ ನನ್ನ ಪರಿಚಯ ಹೇಳ್ಬೇಡಿ," ಅಂದರು ಅತ್ತೆ, ಎಲ್ಲರಿಗಿಂತ ಮುಂಚೆ ಚಪ್ಪಲಿ ಬಿಡುತ್ತಾ.

ಆಗಲೇ ಗುಬ್ಬಿ ಅಜ್ಜಿಯ ಕಾಲಡಿ ನುಸುಳಿ ಒಳಗೆ ಹೋದದ್ದು. ಆಗಲೇ ಕಿರುಚಿದ್ದು.

"ಅಮ್ಮಾ! ನಮ್ಮನೆ! ಇಲ್ಲಿ ನಮ್ಮನೆ ಇದೆ!"

ಹಾವೇನಾದರೂ ಸೇರಿಕೊಂಡಿತೋ ಅಂತ ಟೈಲರಮ್ಮ ಓಡಿ ಬಗ್ಗಿ ಒಳಗೆ ನುಗ್ಗಿದಳು. ತಲೆ ಎತ್ತಿದಳು. ಎತ್ತಿದ ತಲೆ ಹಾಗೇ ನಿಂತಿತು.

ಬಿಸಿಲು ಹಾಯ್ದು ಸೂರಿಗೆ ಸೂರೇ ದೀಪ ಹಚ್ಚಿದಂತೆ ಹೊಳೆಯುತ್ತಿತ್ತು. ಒಂದು ಬದಿಯಲ್ಲಿ ಅರ್ಧ ಸಾಬೂನು, ಯಾರದೋ ಮೂಗು. ಇನ್ನೊಂದು ಬದಿಯ ತುಂಬ ಅವಳ ಮನೆ. ಅದೇ ನೀಲಿ ಬಾಗಿಲು. ಅದೇ ಕಿಟಕಿ, ಕಿಟಕಿಯಲ್ಲಿ ಮಿಷನ್ನಿನ ಚಕ್ರ. ತಂತಿಯ ಮೇಲೆ ಅವಳೇ ಒಗೆದು ಹಾಕಿದ ಬೆಡ್‌ಶೀಟು, ಮೂಲೆಯಲ್ಲಿ ಅವಳೇ ಹಾಕಿದ ತೇಪೆ. ಎಲ್ಲದರ ಮೇಲೆ ಗೇಣುದ್ದದ ಕೆಂಪು ಅಕ್ಷರಗಳು: ಮನೆ ಮಾರಾಟಕ್ಕಿದೆ. ಕೆಳಗೆ ಫೋನ್ ನಂಬರು.

ಚಿಕ್ಕಂದಿನಲ್ಲಿ ಅವಳ ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ರಾಕ್ಷಸ ಊರನ್ನೇ ಎತ್ತಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿಬಿಡುತ್ತಿದ್ದ. ಡಬ್ಬಿಯೊಳಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ, ರೊಟ್ಟಿ ತಟ್ಟುತ್ತಲೇ ಇರುತ್ತಿದ್ದರು. ಟೈಲರಮ್ಮ ಸೂರಿನ ಹೊಲಿಗೆಯನ್ನು ಮುಟ್ಟಿ ನೋಡಿದಳು. ಇದನ್ನು ಹೊಲಿದದ್ದು ತಾನೇ. ಎರಡೆರಡು ಹೊಲಿಗೆ ಹಾಕಿ, ಎಳೆದು ನೋಡಿ, ಗಟ್ಟಿಯಾಗಿದೆ ಅಂತ ಖುಷಿಪಟ್ಟದ್ದೂ ತಾನೇ.

"ಅಜ್ಜೀ, ಇಲ್ನೋಡು, ನೀನೂ ಇದೀಯ!"

ನಿಜ. ನೀಲಿ ಬಾಗಿಲ ಪಕ್ಕ ಅತ್ತೆ ತಲೆ ಬಾಚಿಕೊಂಡು, ಕೈಕಟ್ಟಿಕೊಂಡು ನಗುತ್ತಾ ನಿಂತಿದ್ದರು.

"ಓ, ಇದಾ," ಅಂದರು ಅತ್ತೆ ಒಳಗೆ ಬಂದು, ತಮ್ಮನ್ನೇ ನೋಡಿಕೊಳ್ಳುತ್ತಾ. "ನೀನು ಗುಂಡಿ ತರೋಕೆ ಹೋಗಿದ್ದಾಗ ಓನರ್ ಬಂದಿದ್ರು. ಮನೆದೊಂದು ಫೋಟೋ ತೆಗೀತೀನಿ ಅಂದ್ರು. ಸುಣ್ಣ ಬಣ್ಣ ಮಾಡಿಸ್ತಾರೇನೋ ಅಂದ್ಕೊಂಡೆ. ಚೆನ್ನಾಗೇ ಬಂದಿದೀನಿ, ಅಲ್ವಾ?"

"ಅತ್ತೆ! ನಂಗೆ ಹೇಳ್ಬಾರ್ದಿತ್ತಾ?"

"ಫೋಟೋ ಪ್ರಿಂಟ್ ಆಗಿ ಬಂದ್ಮೇಲೆ ತೋರ್ಸೋಣ ಅಂತಿದ್ದೆ."

ಅಷ್ಟರಲ್ಲಿ ಗಂಡ ಎರಡು ಲೋಟ ಟೀ ಹಿಡಿದು ಬಗ್ಗಿ ಒಳಗೆ ಬಂದ. ಮೇಲೆ ನೋಡಿದ. ಲೋಟಗಳು ಕೈಯಲ್ಲೇ ಇದ್ದವು, ಟೀ ಮಾತ್ರ ನೆಲದ ಹೊದಿಕೆಯ ಮೇಲಿತ್ತು.

"ಇದು... ಬೀರು ಹಿಂದೆ ಇದ್ದದ್ದು," ಅಂದ.

"ಗೊತ್ತು. ನಾನೇ ತಗೊಂಡಿದ್ದು. ನೀವ್ಯಾಕೆ ಅಲ್ಲಿಟ್ರಿ?"

ಮಾತು ಒಂದೊಂದಾಗಿ ಹೊರಬಂತು. ಮೂರು ವಾರದ ಹಿಂದೆ ಓನರ್ ಅಂಗಡಿಗೆ ಬಂದು ಬ್ಯಾನರ್ ಹೇಳಿದ್ದರು. ಪ್ರಿಂಟ್ ಹಾಕಿದ್ದು ಇವನೇ. ಕಟ್ಟಬೇಕಾದದ್ದೂ ಇವನೇ, ತನ್ನದೇ ಮನೆಯ ಗೋಡೆಗೆ. ಕೈ ಬರಲಿಲ್ಲ. ಪ್ರಿಂಟಿಂಗ್ ಮಿಷನ್ ಕೆಟ್ಟಿದೆ, ಇಂಕ್ ಇಲ್ಲ ಅಂತ ಓನರಿಗೆ ದಿನಾ ಒಂದು ನೆಪ ಹೇಳುತ್ತಾ ಸುರುಳಿಯನ್ನು ಮನೆಗೆ ತಂದು ಬಚ್ಚಿಟ್ಟ. ಹೆಂಡತಿ ಬ್ಯಾನರಿಗಾಗಿ ಮೂಲೆ ಮೂಲೆ ತಡಕುತ್ತಿದ್ದ ಮನೆಯಲ್ಲಿ, ಬ್ಯಾನರನ್ನು.

"ನಂಗೆ ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಅಷ್ಟು ಖುಷಿಯಾಗಿ ಡೇರೆ ಹೊಲೀತಿದ್ದೆ. ಹೇಗೆ ಹೇಳ್ಲಿ? ಆಮೇಲೆ... ನಿನ್ನ ಡೇರೆ ಚೆನ್ನಾಗಿ ಬರ್ತಿತ್ತು. ಬೇರೆ ಮನೆ ಸಿಗೋದು ತಡ ಆದ್ರೆ ಸ್ವಲ್ಪ ದಿನ ಇದ್ರಲ್ಲೇ..."

ಟೈಲರಮ್ಮ ಗರಬಡಿದವಳಂತೆ ಅವನನ್ನೇ ನೋಡಿದಳು. ಅವತ್ತು ಅವನು ಅಷ್ಟು ಜೋರಾಗಿ ತಲೆಯಾಡಿಸಿದ್ದು ಇದಕ್ಕೆ! ಅವಳು ಮಗಳ ರಜೆ ಹೊಲಿಯುತ್ತಿದ್ದಳು, ಅವನು ಅದರಲ್ಲಿ ಸಂಸಾರ ಹೂಡುತ್ತಿದ್ದ.

ಅವಳು ನೆಲದ ಹೊದಿಕೆಯ ಮೇಲೆ ಅಂಗಾತ ಮಲಗಿದಳು. ನಂಬರು ನೇರ ಕಣ್ಣ ಮೇಲಿತ್ತು. ಫೋನ್ ತೆಗೆದು ಒಂದೊಂದೇ ಅಂಕಿ ನೋಡಿ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಬಾಡಿಗೆ ಕೊಡಲು ಹೋಗುತ್ತಿದ್ದುದು ಗಂಡ. ಓನರಿಗೆ ಅವಳ ದನಿಯ ಪರಿಚಯವಿರಲಿಲ್ಲ.

"ಮನೆ ಮಾರಾಟಕ್ಕಿದೆಯಂತೆ?"

"ಹೌದಮ್ಮಾ! ನೀಲಿ ಬಾಗಿಲಿನ ಮನೆ. ಗಾಳಿ ಬೆಳಕು ಚೆನ್ನಾಗಿದೆ. ನಿಮಗೆ ನಂಬರ್ ಹೇಗೆ ಸಿಕ್ತು? ಬ್ಯಾನರ್ ಇನ್ನೂ ಕಟ್ಟಿಲ್ವಲ್ಲ."

"ಒಂದ್ಕಡೆ ಕಟ್ಟಿದಾರೆ. ಬಾಡಿಗೆಗೆ ಯಾರೋ ಇದಾರಂತಲ್ಲ?"

"ಅವರ ಚಿಂತೆ ಬಿಡಿ. ಆ ಮನುಷ್ಯ ಬಂಗಾರದಂಥವನು. ಈ ತಿಂಗಳ ಕೊನೆಗೆ ಖಾಲಿ ಮಾಡ್ತೀನಿ ಅಂತ ಒಪ್ಕೊಂಡಿದಾನೆ."

ತಿಂಗಳ ಕೊನೆಗೆ ಉಳಿದಿದ್ದದ್ದು ಒಂಬತ್ತು ದಿನ. ಮೇಜಿನಡಿ ಕತ್ತರಿಸಿಟ್ಟ ಇನ್ನೂರು ಅಂಗಿ. ನೀಲಿ ಬಾಗಿಲು ಹುಡುಕಿಕೊಂಡು ಬರುವ ತಾಯಂದಿರು. ಟೈಲರಮ್ಮ ಕತ್ತು ಹೊರಳಿಸಿ ಗಂಡನ ಕಡೆ ನೋಡಿದಳು.

"ಅವರು ಕೇಳಿದ್ರು," ಅಂದ ಅವನು, ತುಟಿ ಮಾತ್ರ ಅಲ್ಲಾಡಿಸುತ್ತಾ. "ತಲೆ ಆಡ್ಸಿಬಿಟ್ಟೆ."

"ಅಯ್ಯೋ ನನ್ನ ಸ್ಪ್ರಿಂಗೇ!" ಅತ್ತೆ ಹಣೆ ಬಡಿದುಕೊಂಡರು.

"ಹಲೋ? ಯಾರಮ್ಮಾ ಮಾತಾಡ್ತಿರೋದು?"

ಟೈಲರಮ್ಮ ಎದ್ದು ಕೂತಳು. ಫೋನನ್ನು ಬಾಯಿಯ ಹತ್ತಿರ ತಂದಳು.

"ಆ ಮನೇಲಿ ಇರೋಳು ಸಾರ್. ಟೈಲರ್. ನಾನು ಒಪ್ಕೊಂಡಿಲ್ಲ."

"ಅಲ್ಲಮ್ಮಾ... ನಿಮ್ಮ ಯಜಮಾನ್ರು ಹೂಂ ಅಂದ್ರಲ್ಲ?"

"ಅವರು ಎಲ್ಲದಕ್ಕೂ ಹೂಂ ಅಂತಾರೆ. ಈ ಕೆರೆ ಕೊಂಡ್ಕೋತೀಯಾ ಅಂದ್ರೂ ಹೂಂ ಅಂತಾರೆ. ಮನೆ ನಿಮ್ದು, ಮಾರೋದು ಬಿಡೋದು ನಿಮ್ಮಿಷ್ಟ. ಆದ್ರೆ ಶಾಲೆ ತೆರೆಯೋವರೆಗೆ ನಾನು ಮಿಷನ್ ಎತ್ತೋದಿಲ್ಲ. ಇನ್ನೂರು ಮಕ್ಕಳ ಬಟ್ಟೆ ನನ್ನ ಮೇಜಿನ ಕೆಳಗಿದೆ. ಅಡ್ವಾನ್ಸ್ ತಗೊಂಡಿದೀನಿ. ಬಟ್ಟೆ ಹೊಲಿದು ಕೊಡ್ದೆ ಎಲ್ಲಿಗೂ ಹೋಗಲ್ಲ."

ಓನರ್ ಕೆಮ್ಮಿದರು.

"ನನ್ನ ಮೊಮ್ಮಗಂದೂ ಅದೇ ಶಾಲೆ ಕಣಮ್ಮಾ," ಅಂದರು, ಸ್ವಲ್ಪ ಸಂಕೋಚದಿಂದ. "ಅವನ ಬಟ್ಟೆನೂ ನಿಮ್ಮಲ್ಲೇ ಇರ್ಬೇಕು. ಸರಿ, ಶಾಲೆ ತೆರೆಯೋವರೆಗೆ ಇರಿ. ಅಲ್ಲಿಂದಾಚೆಗೆ ಒಂದು ದಿನಾನೂ ಇಲ್ಲ. ಮತ್ತೆ ಆ ಬ್ಯಾನರ್ ನಾಳೇನೇ ಕಟ್ಟಿರ್ಬೇಕು."

ಟೈಲರಮ್ಮ ಫೋನ್ ಇಟ್ಟಳು. ಶಾಲೆ ತೆರೆಯಲು ಇನ್ನು ಎರಡು ತಿಂಗಳು. ಗೆದ್ದೆನೋ ಸೋತೆನೋ ಅವಳಿಗೇ ತಿಳಿಯಲಿಲ್ಲ. ಕೈಚೀಲದಿಂದ ಚಿಕ್ಕ ಕತ್ತರಿ ತೆಗೆದಳು. ಮಂಡಿಯೂರಿ ನಿಂತು ಸೂರಿನ ಹೊಲಿಗೆ ಬಿಚ್ಚತೊಡಗಿದಳು.

"ಏಯ್, ಮಳೆ ಬಂದ್ರೆ?" ಅಂದರು ಅತ್ತೆ.

"ನೆನೆಯೋಣ ಅತ್ತೆ."

"ನನ್ನ ಫೋಟೋ ಇರೋ ತುಂಡಾದ್ರೂ ಕತ್ತರಿಸಿ ಕೊಡು."

"ಆಗಲ್ಲ. ನೀವು ಮನೆ ಜೊತೆಗೇ ಮಾರಾಟಕ್ಕಿದೀರಿ."

ಗುಬ್ಬಿ ಮಾತ್ರ ನಗಲಿಲ್ಲ. "ಆಮೇಲೆ ನಾವೆಲ್ಲಿರ್ತೀವಿ ಅಮ್ಮ?" ಅಂದಳು.

"ಹುಡುಕ್ತೀವಿ. ಎರಡು ತಿಂಗಳಿದೆ. ನೀನೂ ಬಾ ನೋಡೋಕೆ."

ಕೊನೆಯ ಹೊಲಿಗೆ ಬಿಟ್ಟಾಗ ನೀಲಿ ಬಾಗಿಲು, ಕಿಟಕಿ, ಅತ್ತೆ, ಕೆಂಪು ಅಕ್ಷರ ಎಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಅಲ್ಲಿ ಆಕಾಶ ಬಂದು ಕೂತಿತು. ಟೈಲರಮ್ಮ ಬ್ಯಾನರನ್ನು ಬಣ್ಣದ ಬದಿ ಮೇಲೆ ಕಾಣುವಂತೆ ಸುತ್ತಿ ಗಂಡನ ತೊಡೆಯ ಮೇಲಿಟ್ಟಳು.

"ನಾಳೆ ನೀವೇ ಕಟ್ಬೇಕು. ಹಗಲಲ್ಲಿ, ಬೀದಿಯವರೆಲ್ಲ ನೋಡೋ ಹಾಗೆ. ಏಣಿ ನಾನು ಹಿಡ್ಕೋತೀನಿ."

ಗಂಡನ ತಲೆ ಆಡಲು ಶುರುವಾಯಿತು.

"ತಲೆ ಬೇಡ," ಅಂದಳು. "ಬಾಯಲ್ಲಿ ಹೇಳಿ."