ಎರವಲು ಮಕ್ಕಳು

"ನಾಳೆ ನಿಮ್ಮ ಮಗಳನ್ನ ಕರ್ಕೊಂಡು ಬನ್ನಿ" ಎಂದು ದೊಡ್ಡ ಸಾಹೇಬರು ಹೇಳಿದಾಗ ವಕೀಲೆಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಇದೇ ಬಾಯಲ್ಲವೇ "ಆಫೀಸು, ಮಕ್ಕಳು ಎರಡೂ ಒಟ್ಟಿಗೆ ಆಗೋ ಮಾತಲ್ಲ" ಅಂದದ್ದು? ಮಗಳಿಗೆ ಜ್ವರ ಅಂತ ಒಂದು ದಿನ ರಜೆ ಕೇಳಿದ್ದಕ್ಕೆ ಇದೇ ಮುಖವಲ್ಲವೇ ಹುಳ್ಳಗಾದದ್ದು? ಅಂದಿನಿಂದ ಅವಳು ಜಾಣೆಯಾಗಿದ್ದಳು. ಮಗುವಿಗೆ ಲಸಿಕೆ ಹಾಕಿಸುವುದಿದ್ದರೆ "ಕೋರ್ಟಲ್ಲಿ ಕೆಲಸ ಇದೆ" ಎನ್ನುವಳು. ಮೇಜಿನ ಮೇಲೆ ಒಂದು ಫೋಟೋ ಕೂಡ ಇಟ್ಟವಳಲ್ಲ. ಮದುವೆಯಾದವಳು, ಮೂರು ವರ್ಷದ ಮಗಳ ತಾಯಿ ಎನ್ನುವುದನ್ನು ಕಳ್ಳತನದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು ಈ ಬೂಟಿನ ಕಾರ್ಖಾನೆಯಲ್ಲಿ ಮೇಲೆ ಬಂದಿದ್ದಳು.

ಕಾರ್ಖಾನೆ ಕಾನೂನು ಹೇಳಿದಂತೆ ನಡೆಯುತ್ತಿದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಮೇಲಿನ ಮಹಡಿಯವರು ಅದನ್ನು ಕಂಪ್ಲಯನ್ಸ್ ಎನ್ನುತ್ತಾರೆ. ಕೆಳಗೆ ಹೊಲಿಗೆ ವಿಭಾಗದ ಹೆಂಗಸರು ಅವಳನ್ನು 'ಕಾಯ್ದೆಯಕ್ಕ' ಎನ್ನುತ್ತಾರೆ, ಅರ್ಧ ಪ್ರೀತಿಗೆ, ಅರ್ಧ ಕೀಟಲೆಗೆ. ವಿಭಾಗದ ಮುಖ್ಯಸ್ಥರು ನಿವೃತ್ತರಾದ ಮೇಲೆ ಅವರ ಕುರ್ಚಿಯಲ್ಲಿ ಅವಳು ಕೂತಿದ್ದಾಳೆ, ಹಂಗಾಮಿಯಾಗಿ. ನಾಳೆ ಸರ್ಕಾರದವರ ತಪಾಸಣೆ, ಅದು ಸುಸೂತ್ರವಾಗಿ ಮುಗಿದರೆ ಆ ಹಂಗಾಮಿ ಎನ್ನುವ ಬಾಲ ಉದುರುತ್ತದೆ, ಕುರ್ಚಿ ಅವಳದೇ ಆಗುತ್ತದೆ. ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು ಪರೀಕ್ಷೆ ಬರೆದವಳಿಗೆ ಆ ಕುರ್ಚಿಯ ಆಸೆ ಇರಬಾರದೇ? ಇತ್ತು. ಧಾರಾಳವಾಗಿ ಇತ್ತು.

"ಮಗಳು ಯಾಕೆ ಸರ್?" ಎಂದಳು.

"ಮಕ್ಕಳ ಕೋಣೆ ತೋರಿಸ್ಬೇಕಲ್ಲ ಮೇಡಂ. ಖಾಲಿ ಕೋಣೆ ತೋರ್ಸೋಕಾಗುತ್ತಾ?"

ಇಷ್ಟು ಹೆಂಗಸರು ಕೆಲಸ ಮಾಡುವ ಕಡೆ ಅವರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ, ಒಬ್ಬ ಆಯಾ ಇರಲೇಬೇಕೆಂದು ಕಾನೂನಿದೆ. ಕೋಣೆಯೇನೋ ಇತ್ತು. ಅದರ ತುಂಬ ಖಾಲಿ ಡಬ್ಬಗಳು, ಬಾಗಿಲಿಗೆ ಬೀಗ. ಅದನ್ನು ತೆರೆಯಿರಿ ಎಂದು ಅವಳು ಎಷ್ಟು ಸಲ ಹೇಳಿದ್ದಳೋ! ಹೇಳಿದಾಗಲೆಲ್ಲ ಸಾಹೇಬರು "ನೋಡೋಣ" ಎಂದು ಮೂಗಿಗೆ ತುಪ್ಪ ಸವರಿದ್ದರು. ತಪಾಸಣೆಯ ದಿನ ಮಾತ್ರ ಡಬ್ಬ ಹೊರಗೆ, ಚಾಪೆ ಒಳಗೆ, ಮೇಲಿನ ಮಹಡಿಯ ಅಧಿಕಾರಿಗಳ ಮಕ್ಕಳು ಚಾಪೆಯ ಮೇಲೆ. ಈ ಗುಟ್ಟು ಅವಳಿಗೆ ಈಗ, ಈ ಕುರ್ಚಿಗೆ ಬಂದ ಮೇಲೆ ತಿಳಿದದ್ದು.

"ಹೊಲಿಗೆಯವರಿಗೇ ಬೇಕಾದಷ್ಟು ಮಕ್ಕಳಿದ್ದಾವಲ್ಲ ಸರ್, ಅವನ್ನೇ ಕರೆಸಬಹುದಲ್ಲ?"

"ಏನ್ ಮೇಡಂ, ಇಷ್ಟು ಓದಿದ್ದೀರಿ!" ಸಾಹೇಬರು ನಕ್ಕರು. "ಒಂದಿನ ಕರ್ಸಿದ್ರೆ ಅವ್ರು ದಿನಾ ಕರ್ಕೊಂಡು ಬರ್ತಾರೆ. ಆಮೇಲೆ ಮುಚ್ಚೋಕಾಗುತ್ತಾ?"

ಮನೆಗೆ ಹೋಗಿ ವಿಷಯ ಹೇಳಿದಾಗ ಅತ್ತೆ ಬಟ್ಟೆ ಮಡಿಸುತ್ತಿದ್ದವರು ಹಾಗೇ ನಿಂತರು. "ನನ್ನ ಮೊಮ್ಮಗಳನ್ನ ಅಂಗಡಿ ಗೊಂಬೆ ಹಾಗೆ ಕೂರಿಸ್ತಾರಂತಾ? ಅವನ ಮನೆ ಹಾಳಾಗ!"

"ಒಂದು ದಿನ ತಾನೇ ಅಮ್ಮಾ" ಎಂದ ಗಂಡ. ಅವನು ಮೇಷ್ಟ್ರು, ಜಗಳವೆಂದರೆ ಮಾರು ದೂರ. ಹೆಂಡತಿಯ ಕಡೆ ತಿರುಗಿದ. "ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಮಾಡಿದ್ದೀಯ. ಕೈಗೆ ಬಂದ ತುತ್ತು ಕಣೇ, ಬಾಯಿಗೆ ಬಾರದ ಹಾಗೆ ಮಾಡ್ಕೋಬೇಡ."

"ನಾನೆಲ್ಲಿ ಬೇಡ ಅಂದೆ?" ಎಂದು ಅವಳು ರೇಗಿದಳು. ರೇಗಿದ್ದು ಗಂಡನ ಮೇಲಲ್ಲ ಎಂದು ಮೂವರಿಗೂ ಗೊತ್ತಿತ್ತು. ಬೆಳಿಗ್ಗೆ ಮಗಳಿಗೆ ಹಳದಿ ಫ್ರಾಕ್ ತೊಡಿಸಿ, ತಲೆ ಬಾಚಿ, ಕರೆದುಕೊಂಡೇ ಹೋದಳು.

ಮಕ್ಕಳ ಕೋಣೆಯನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಆಟದ ಸಾಮಾನಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಮುಂಬಾಗಿಲ ಸ್ವಾಗತಕಾರಿಣಿಗೆ ಏಪ್ರನ್ ಕಟ್ಟಿ ಆಯಾ ಮಾಡಿದ್ದರು, ಪಾಪ, ಅವಳು ಮಗುವನ್ನು ಎತ್ತಿಕೊಂಡ ರೀತಿ ನೋಡಿದರೆ ಕಲ್ಲಂಗಡಿ ಹಣ್ಣು ಹಿಡಿದಂತಿತ್ತು. ಮಾರಾಟ ವಿಭಾಗದವರಿಗೆ ಚಿಕ್ಕ ಮಕ್ಕಳು ಸಿಕ್ಕಿರಲಿಲ್ಲವೆಂದು ಆರನೇ ಕ್ಲಾಸಿನ ಮಗಳನ್ನೇ ಕಳಿಸಿದ್ದರು. ಆ ಹುಡುಗಿ ಪುಟಾಣಿ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತು ಫೋನು ಒತ್ತುತ್ತಿದ್ದಳು.

"ಸ್ವಲ್ಪ ಚಿಕ್ಕವಳ ಥರ ಕೂತ್ಕೋ ಪುಟ್ಟಾ" ಎಂದು ಸ್ವಾಗತಕಾರಿಣಿ ಬೇಡಿಕೊಂಡಳು.

"ಹೇಗೆ ಆಂಟಿ? ಬೆರಳು ಚೀಪ್ಲಾ?" ಎಂದಿತು ಅದು.

ವಕೀಲೆಗೆ ನಗು ಉಕ್ಕಿತು. ಅಷ್ಟರಲ್ಲಿ ಬಾಗಿಲ ಬಳಿ ಯಾರೋ "ಅಕ್ಕಾ" ಎಂದರು. ಹೊಲಿಗೆ ವಿಭಾಗದವಳು, ಹೆರಿಗೆ ರಜೆ ಮುಗಿಸಿ ಮೊನ್ನೆ ಮೊನ್ನೆ ಬಂದವಳು. ಕೆಲಸದ ಕೋಟಿನ ಎದೆಯ ಮೇಲೆ ಒದ್ದೆಯ ಎರಡು ಕಲೆ. ಹಾಲು ಕಟ್ಟಿಕೊಂಡು ನೋವಾಗಿ, ಕಕ್ಕಸಿಗೆ ಹೋಗಿ ನಲ್ಲಿಯ ಕೆಳಗೆ ಹಿಂಡಿ ಬಂದಿದ್ದಳು. ಅವಳ ಮಗು ಪಕ್ಕದ ಮನೆಯವರ ಹತ್ತಿರ ಡಬ್ಬಿ ಹಾಲು ಕುಡಿಯುತ್ತಿತ್ತು. ಅವಳು ಚಾಪೆ ನೋಡಿದಳು, ಗೊಂಬೆ ನೋಡಿದಳು, ಮುಖ ಊರಗಲ ಆಯಿತು.

"ಶುರು ಮಾಡ್ಬಿಟ್ರಾ ಅಕ್ಕಾ? ಒಂದು ಮಾತೂ ಹೇಳ್ಲಿಲ್ಲ ನೋಡಿ! ನಾಳೆಯಿಂದ ನಮ್ಮ ಪಾಪುನ ಕರ್ಕೊಂಡು ಬರ್ಲಾ?"

ನ್ಯಾಯಾಧೀಶರ ಮುಂದೆ ನೀರು ಕುಡಿದಷ್ಟು ಸುಲಭವಾಗಿ ವಾದ ಮಾಡುವ ಹೆಂಗಸು ಚಾಪೆಯ ಮುದುರನ್ನು ಕಾಲಿನಿಂದ ಸರಿಮಾಡತೊಡಗಿದಳು. ಹಳದಿ ಫ್ರಾಕಿನ ಮಗಳು ಬಂದು ಕಾಲು ತಬ್ಬಿಕೊಂಡಳು. ಅದನ್ನು ಕಂಡು ಹೊಲಿಗೆಯವಳು, "ನಿಮ್ದಾ? ನಿಮಗೂ ಮಗು ಇದ್ಯಾ ಅಕ್ಕಾ?" ಎಂದು ಇನ್ನಷ್ಟು ಸಂತೋಷಪಟ್ಟಳು. ಆ ಸಂತೋಷ ವಕೀಲೆಗೆ ಕೆನ್ನೆಗೆ ಬಾರಿಸಿದಂತಾಯಿತು. ಮೈಯೆಲ್ಲ ಉರಿದುಹೋಯಿತು, ಮೊದಲು ತನ್ನ ಮೇಲೇ.

ಉತ್ತರ ಕೊಡುವ ಮೊದಲೇ ಸಾಹೇಬರು ತಪಾಸಣಾಧಿಕಾರಿಯನ್ನು ಕರೆತಂದರು. ನಡುವಯಸ್ಸಿನ ಹೆಂಗಸು, ಬೆಳಗಿನಿಂದ ಓಡಾಡಿ ಕಾಲು ಬಾತಿತ್ತು. ಆಕೆ ಮಕ್ಕಳನ್ನು ನೋಡಿದರು, ಗೊಂಬೆ ನೋಡಿದರು, ಪುಟಾಣಿ ಕುರ್ಚಿಯ ದೊಡ್ಡ ಹುಡುಗಿಯನ್ನು ಇನ್ನೊಮ್ಮೆ ನೋಡಿ ಹುಬ್ಬೇರಿಸಿದರು. ಆದರೆ ಮುಂದೆ ಇನ್ನೂ ಎರಡು ಕಾರ್ಖಾನೆ ಕಾದಿದ್ದವು. ಹೊರಡುತ್ತ, ಬಾಯಿಪಾಠದ ಪ್ರಶ್ನೆಯನ್ನು ಬಾಯಿಪಾಠದಂತೆಯೇ ಕೇಳಿದರು.

"ಇದು ಕೆಲಸದ ದಿನ ಎಲ್ಲಾ ನಡೆಯುತ್ತೆ ತಾನೇ?"

"ಓಹೋ, ಧಾರಾಳವಾಗಿ" ಎಂದರು ಸಾಹೇಬರು.

"ನಿಮ್ಮನ್ನಲ್ಲ, ಕಾನೂನಿನವರನ್ನ ಕೇಳಿದ್ದು. ಹೇಳಿಯಮ್ಮ."

ಸಾಹೇಬರು ಕಣ್ಣಲ್ಲೇ ಸನ್ನೆ ಮಾಡಿದರು. ಕುರ್ಚಿ ಕಣ್ಮುಂದೆ ಬಂತು, ಗಂಡ ಕಣ್ಮುಂದೆ ಬಂದ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾದೀತು. ಹೊಲಿಗೆಯವಳು ಇನ್ನೂ ಬಾಗಿಲಲ್ಲೇ ಇದ್ದಳು, ನಾಳೆ ಮಗು ಕರೆತರುವುದೋ ಬೇಡವೋ ಎಂದು ಕೇಳಿಕೊಂಡು ಹೋಗಲು.

"ಇಲ್ಲ" ಎಂದಳು ವಕೀಲೆ. "ಇವತ್ತೊಂದೇ ದಿನ. ಸಂಜೆ ಇದಕ್ಕೆ ಬೀಗ ಬೀಳುತ್ತೆ. ಈ ಮಕ್ಕಳೆಲ್ಲ ಎರವಲು ತಂದವು. ಈ ಹಳದಿ ಫ್ರಾಕಿನದು ನನ್ನದು, ಇದನ್ನ ನಾನೇ ತಂದು ಕೂರಿಸಿದ್ದು."

ಸ್ವಾಗತಕಾರಿಣಿ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಉಸಿರು ಬಿಟ್ಟಳು. ಅಧಿಕಾರಿ ಹೋಗಲಿದ್ದವರು ಹೋಗಲಿಲ್ಲ. ನಾಳೆ ಬೆಳಗಿನಿಂದ ಕಾರ್ಮಿಕರ ಮಕ್ಕಳಿಗೆ ಕೋಣೆ ತೆರೆದಿರಬೇಕು, ಇಲ್ಲದಿದ್ದರೆ ಹೊಲಿಗೆ ವಿಭಾಗ ನಡೆಯಕೂಡದು ಎಂದು ಅಲ್ಲೇ ಆದೇಶ ಬರೆದು ಕೊಟ್ಟರು.

ಅವರ ಕಾರು ಗೇಟು ದಾಟಿತೋ ಇಲ್ಲವೋ, ಸಾಹೇಬರು ಸಿಡಿದರು. "ಉಂಡ ಮನೆಗೆ ಎರಡು ಬಗೆದ್ರಲ್ರೀ! ಇವತ್ತಿಂದ ನೀವು ಅಮಾನತು. ಗೇಟಿನೊಳಗೆ ಕಾಲಿಟ್ರೆ ಜೋಕೆ!"

ಮನೆಯಲ್ಲಿ ಗಂಡ ಸುದ್ದಿ ಕೇಳಿ ತಲೆಯ ಮೇಲೆ ಕೈ ಹೊತ್ತು ಕೂತ. "ನಾನಾಗಿದ್ರೆ ಹೂಂ ಅಂದ್ಬಿಡ್ತಿದ್ದೆ" ಎಂದ. ನಾಚಿಕೆಯಿಂದಲೇ ಎಂದ. ಅತ್ತೆ ಮೊಮ್ಮಗಳ ಚೀಲಕ್ಕೆ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ ತುಂಬಿದರು. "ನಾಳೆನೂ ಕಳಿಸ್ತೀಯಲ್ಲ?" ಎಂದು ಸೊಸೆಯ ಮುಖ ನೋಡಿದರು.

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಹೆಂಗಸರು ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು. ಒಬ್ಬೊಬ್ಬರೇ ಒಳಗೆ ಹೋಗುತ್ತಿದ್ದರು. ವಕೀಲೆಯನ್ನು ಕಂಡು ವಾಚ್‌ಮನ್ ಕೈ ಹಿಸುಕಿಕೊಂಡ.

"ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ಮನ್ನ ಬಿಡ್ಬಾರ್ದು ಅಂತ ಹೇಳಿದ್ದಾರೆ."

"ಬಿಡ್ಬೇಡಿ ಅಣ್ಣಾ. ನಾನೆಲ್ಲಿ ಬರ್ತೀನಿ ಅಂದೆ? ಇವಳು ಬರ್ತಾಳೆ" ಎಂದು ಮಗಳನ್ನು ಮುಂದೆ ಮಾಡಿದಳು.

ಸಾಹೇಬರು ಕಾರಿನಿಂದ ಇಳಿದು ಬಂದರು. "ಏನ್ರೀ ಇದು ನಾಟಕ?"

"ನಾಟಕ ನಿನ್ನೆ ಮುಗೀತು ಸರ್. ಅಮಾನತಾದವಳೂ ನೌಕರಳೇ. ನೀವು ನನ್ನನ್ನ ತೆಗೆದುಹಾಕೋವರೆಗೂ ನನ್ನ ಮಗಳಿಗೆ ಆ ಕೋಣೇಲಿ ಹಕ್ಕಿದೆ. ತೆಗೆದುಹಾಕ್ಬೇಕಾದ್ರೆ ವಿಚಾರಣೆ ಆಗ್ಬೇಕು, ಅಲ್ಲಿ ನಾನು ಮಾತಾಡ್ತೀನಿ. ಅನುಮಾನ ಇದ್ರೆ ಕಂಪನಿ ವಕೀಲರನ್ನ ಕೇಳ್ಕೊಳ್ಳಿ."

ಕೇಳಲು ಸಾಹೇಬರು ಬಾಯಿ ತೆರೆದೇಬಿಟ್ಟರು. ಕಂಪನಿಯ ವಕೀಲೆ ಎದುರಿಗೇ ನಿಂತಿದ್ದಳು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಸಾಹೇಬರು ದುರುದುರು ನೋಡುತ್ತ ಒಳಗೆ ನಡೆದರು.

ನಿನ್ನೆಯ ಹೊಲಿಗೆಯವಳು ಎಡಗೈಯಲ್ಲಿ ತನ್ನ ಪಾಪುವನ್ನು ಹಿಡಿದು, ಬಲಗೈಯನ್ನು ವಕೀಲೆಯ ಮಗಳ ಕಡೆ ಚಾಚಿದಳು. "ಕೊಡಿ ಅಕ್ಕಾ, ನಾನು ಬಿಡ್ತೀನಿ ಒಳಗೆ." ಮಗಳು ನಾಲ್ಕು ಹೆಜ್ಜೆ ಹೋಗಿ, ಹಿಂದೆ ತಿರುಗಿ, ಅಮ್ಮ ಬರುತ್ತಿಲ್ಲವೆಂದು ತಿಳಿದು ರಾಗ ತೆಗೆದಳು.

"ಅಯ್ಯೋ, ಅಳ್ತಿದ್ದಾಳೆ! ಮೇಲಿನವರಿಗೆಲ್ಲ ಕೇಳುತ್ತೆ ಅಕ್ಕಾ" ಎಂದು ಹೊಲಿಗೆಯವಳು ಗಾಬರಿಯಾದಳು.

ವಕೀಲೆ ಕಣ್ಣು ಒರೆಸಿಕೊಂಡು, ಗೇಟಿನ ಸರಳು ಹಿಡಿದು, ಗಂಟಲು ಬಿಟ್ಟು ಕೂಗಿದಳು: "ಕೇಳಲಿ ಬಿಡು!"