ಹದಿನೇಳು ಹೆಸರು

ಮಿಸ್ ಓಲ್ಡ್‌ರಾಯ್ಡ್ ತಾವು ಬರೆದ ಪ್ರತಿ ಪುಟವನ್ನೂ ಮೊದಲು ನನಗೆ ಓದಿ ಹೇಳುತ್ತಿದ್ದರು. ಹದಿನೈದಕ್ಕೇ ಶಾಲೆ ಬಿಟ್ಟು, ಅವರ ಮನೆಯ ನೆಲ ಒರೆಸಲು, ಒಲೆಗೆ ಕಲ್ಲಿದ್ದಲು ಹಾಕಲು ಬಂದವಳು ನಾನು. ಓದುವಾಗ ಎದುರಿನ ಕುರ್ಚಿಯಲ್ಲಿ ಕೂತಿರಬೇಕು, ಅಷ್ಟೇ. ನನ್ನ ಕಣ್ಣು ಕಿಟಕಿಯ ಕಡೆ ಹೋದರೆ ಆ ಭಾಗಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ. ಮಕ್ಕಳಿಗೆ ಇತಿಹಾಸ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ ಎನ್ನುತ್ತಿದ್ದರು.

“ನೀನೊಂದ್ಸಲ ಆಕಳಿಸಿದ್ರೆ ಒಂದು ರಾಜಮನೆತನವೇ ಮಣ್ಣುಪಾಲು ಕಣೇ, ಹೇಜಲ್.”

ಹೀಗೆ ಹನ್ನೊಂದು ಪುಸ್ತಕಗಳಾದವು. ದೊಡ್ಡ ವಿದ್ವಾಂಸರು ಯಾರೂ ಅವರನ್ನು ಸಭೆಗೆ ಕರೆಯಲಿಲ್ಲ. ಮಕ್ಕಳ ಕಾಗದಗಳು ಮಾತ್ರ ಜ್ಯಾಮಿನ ಕಲೆಯೊಂದಿಗೆ ಕಟ್ಟುಕಟ್ಟಾಗಿ ಬರುತ್ತಿದ್ದವು.

ಮಕ್ಕಳು ಹೆಚ್ಚು ಮೆಚ್ಚಿದ್ದು ನಮ್ಮೂರಿನ ಬಟ್ಟೆ ಗಿರಣಿಯ ಪುಸ್ತಕವನ್ನು. ನೂರಮೂವತ್ತು ವರ್ಷದ ಹಿಂದೆ ಅದಕ್ಕೆ ಬೆಂಕಿ ಬಿದ್ದು ಕೆಲಸದ ಹುಡುಗಿಯರು ಹದಿನೇಳು ಮಂದಿ ಸತ್ತಿದ್ದರು. ಚರ್ಚಿನ ಹಳೆಯ ದಾಖಲೆಗಳಲ್ಲಿ ಮಿಸ್ ಹುಡುಕಿ, ಸತ್ತವರ ಹೆಸರು, ವಯಸ್ಸು ಬರೆದು ತಂದಿದ್ದರು. ಓದತೊಡಗಿದರು. ಆರನೆಯ ಹೆಸರಿಗೇ ನನ್ನ ಕಣ್ಣು ಕಿಟಕಿಗೆ ಹೋಯಿತು. ಹೊರಗೆ ಹಾಲಿನ ಗಾಡಿ ನಿಂತಿತ್ತು.

ಮರುವಾರ ಆ ಹದಿನೇಳು ಹೆಸರುಗಳ ಜಾಗದಲ್ಲಿ ಟ್ಯಾಬಿತಾ ಇದ್ದಳು. ಬೆಂಕಿಯಿಂದ ಪಾರಾಗಿ ಹೊರಬಂದವಳು, ಗೆಳತಿಯರಿಗಾಗಿ ಮತ್ತೆ ಒಳಗೆ ಹೋಗಿ ತಿರುಗಿ ಬರಲಿಲ್ಲ. ಅಂಥ ಹುಡುಗಿ ಇರಲೇ ಇಲ್ಲ. ಮಿಸ್ ಕಟ್ಟಿದ ಪಾತ್ರ ಅವಳು. ನಾನು ಕಣ್ಣು ಕದಲಿಸದೆ ಕೇಳಿ ಅತ್ತೆ.

ಹತ್ತು ವರ್ಷದ ಮೇಲೆ ಊರಿನವರು ಗಿರಣಿಯಿದ್ದ ಜಾಗದಲ್ಲಿ ಕಲ್ಲು ನಿಲ್ಲಿಸಲು ಹೊರಟರು. ‘ಟ್ಯಾಬಿತಾ ಮತ್ತು ಅವಳ ಗೆಳತಿಯರ ನೆನಪಿಗೆ’ ಎಂದು ಕೆತ್ತುವುದೆಂದಾಯಿತು. ಮಿಸ್ ಆಗ ಹಾಸಿಗೆ ಹಿಡಿದಿದ್ದರು. ಹಾಸಿಗೆಯಲ್ಲೇ ಎರಡು ದಿನ ಎದ್ದು ಕೂತು ಒಂದು ಕಾಗದ ಬರೆದರು: ಟ್ಯಾಬಿತಾ ನನ್ನ ಕಲ್ಪನೆ, ಕೆತ್ತಬೇಕಾದ ಹದಿನೇಳು ಹೆಸರು ಇವು.

“ಕಲ್ಲಿನ ಸಮಿತಿಯವರ ಕೈಗೆ ಕೊಡ್ಬೇಡ, ಮೇಜಿನ ಡ್ರಾಯರ್‌ಗೆ ಹಾಕಿ ಮರೀತಾರೆ,” ಎಂದರು. “ಎಲ್ಲರೆದುರಿಗೆ ನಿಂತು ಓದು. ಸೋಮವಾರ ಕಲ್ಲಿಗೆ ಉಳಿ ಬೀಳುತ್ತೆ.”

ಚರ್ಚಿನ ಪಕ್ಕದ ಹಾಲ್‌ನಲ್ಲಿ ಸಮಿತಿಯವರೆಲ್ಲ ಸೇರಿದ್ದರು. ಕಲ್ಲು ನಿಲ್ಲಿಸುವ ದಿನಕ್ಕೆಂದು ಶಾಲೆಯ ಮಕ್ಕಳು ನಾಟಕದ ಅಭ್ಯಾಸ ನಡೆಸಿದ್ದರು. ಕೆನ್ನೆಗೆ ಮಸಿ ಹಚ್ಚಿಕೊಂಡ ಪುಟ್ಟ ಟ್ಯಾಬಿತಾ ಬಿಸ್ಕತ್ತು ತಿನ್ನುತ್ತಿದ್ದಳು. ಸಮಿತಿಯ ಅಧ್ಯಕ್ಷರಾದ ಹೆಡ್‌ಮಾಸ್ಟರ್ ಬ್ರೇತ್‌ವೇಟ್ ನನ್ನನ್ನು ನೋಡಿದರು.

“ಏನಮ್ಮಾ ಹೇಜಲ್, ಮಿಸ್ ಏನಾದ್ರೂ ಹೇಳಿ ಕಳ್ಸಿದ್ರಾ?”

ಎಲ್ಲರೂ ತಿರುಗಿದರು. ಕಾಗದ ಕೋಟಿನ ಜೇಬಿನಲ್ಲೇ ಇತ್ತು. ತರಗತಿಯಲ್ಲಿ ಎದ್ದು ನಿಂತು ಓದಲಾರದೆ ಶಾಲೆ ಬಿಟ್ಟವಳು ನಾನು. ಜೇಬಿನೊಳಗೆ ಅದರ ಮಡಿಕೆ ಬಿಚ್ಚಿದೆ, ಮತ್ತೆ ಮಡಿಸಿದೆ.

“ಅವರಿಗೆ ಬರೋಕಾಗಲ್ಲ,” ಎಂದೆ. “ಎಲ್ರಿಗೂ ಥ್ಯಾಂಕ್ಸ್ ಹೇಳು ಅಂದ್ರು.”

ಅವರು ಚಪ್ಪಾಳೆ ತಟ್ಟಿದರು. ಯಾರೋ ನನ್ನ ಕೈಗೆ ಟೀ ಕೊಟ್ಟರು.

ಮನೆಗೆ ಬಂದಾಗ ಮಿಸ್ ದಿಂಬಿಗೊರಗಿ ಕಾಯುತ್ತಿದ್ದರು. ತಲೆ ಬಾಚಿಕೊಂಡಿದ್ದರು.

“ಓದಿದ್ಯಾ? ಹದಿನೇಳೂ?”

ಹೌದೆನ್ನಲು ಬಾಯಿ ತೆರೆದೆ. ನನ್ನ ಕಣ್ಣು ಕಿಟಕಿಯ ಕಡೆ ಹೋಯಿತು. ಹೊರಗೆ ಏನೂ ಇರಲಿಲ್ಲ, ಒದ್ದೆ ಗೋಡೆಯಷ್ಟೇ.

ನನ್ನ ಕಣ್ಣು ಹೋದ ಕಡೆ ಮಿಸ್ ಕೂಡ ನೋಡಿದರು. ಅವರ ಕೈ ಹೊದಿಕೆಯ ಮೇಲೆ ಪೆನ್ಸಿಲಿಗಾಗಿ ತಡಕಾಡಿತು. ಪೆನ್ಸಿಲು ಅಲ್ಲಿರಲಿಲ್ಲ. ನಾನು ತಂದುಕೊಡಲಿಲ್ಲ.