ಚಿಮಣಿ ಹತ್ತಿದ ವೈನ್

"ತಪ್ಪಾಯ್ತು ಅನ್ನೋಕೆ ನೀನ್ಯಾರೋ? ಈ ಮನೇಲಿ ಯಾರನ್ನ ಕೇಳಿ ಕೈಮುಗಿದು ಬಂದೆ?"

ಗಂಗರತ್ನಮ್ಮನ ದನಿ ಚಾಮರಾಜಪೇಟೆಯ ಆ ಹಳೇ ಮನೆಯ ಪಡಸಾಲೆ ದಾಟಿ ಬೀದಿಗೆ ಬಿತ್ತು. ತಮ್ಮ ನಂದೀಶ, ಮೆಲ್ಲಗೆ ಮಾತಾಡಕ್ಕ, ಅವರು ಕೂತಿದಾರೆ ಅಂದ. ಕೂತಿದ್ದವನು ಮಧುಸೂದನ್, ದೊಡ್ಡ ಹೋಟೆಲೊಂದಕ್ಕೆ ವೈನ್ ಕೊಳ್ಳುವವನು. ಕೂರಲಿ, ಕಿವಿ ಇದ್ದರೆ ಕೇಳಲಿ ಅಂದಳು ಗಂಗರತ್ನಮ್ಮ.

ಆದದ್ದು ಇಷ್ಟು. ಹಿಂದಿನ ವಾರ ನಂದೀಶ ಮನೆಯದೇ ಹಳೇ ರೀಸ್ಲಿಂಗ್ ವೈನಿನ ಬಾಟಲಿಯೊಂದನ್ನು ಹೋಟೆಲಿಗೆ ಒಯ್ದಿದ್ದ. ಮಧುಸೂದನ್ ಮೂಸಿ ನೋಡಿ, ಇದೇನ್ರೀ ಸೀಮೆಎಣ್ಣೆ ವಾಸನೆ ಅಂದ. ನಂದೀಶನ ಬಾಯಿಂದ ಮನೆಮಾತು ಜಾರಿತು: "ಚಿಮಣಿ ಹತ್ತಿದೆ ಸಾರ್." ಚಿಮಣಿ ದೀಪ ಉರುಳಿ ಎಣ್ಣೆ ವೈನಿಗೆ ಬಿದ್ದಿದೆ ಅಂತ ಮಧುಸೂದನ್ ತಿಳಿದ. ತಿದ್ದಿ ಹೇಳುವುದು ಬಿಟ್ಟು ನಂದೀಶ ಹೂಂಗುಟ್ಟಿ, ಕ್ಷಮೆ ಕೇಳಿ ಬಂದಿದ್ದ.

ಆ ಮನೆಯಲ್ಲಿ ಚಿಮಣಿ ಹತ್ತುವುದೆಂದರೆ ಹಬ್ಬ. ತರಗುಪೇಟೆಯಲ್ಲಿ ರಾಗಿ ವ್ಯಾಪಾರ ಮಾಡುತ್ತಿದ್ದ ತಾತ ಆಂಜಿನಯ್ಯ, ಜರ್ಮನಿಯ ತೋಟಗಾರನೊಬ್ಬನಿಂದ ರೀಸ್ಲಿಂಗ್ ದ್ರಾಕ್ಷಿಯ ಕಡ್ಡಿ ಪಡೆದು ದೊಡ್ಡಬಳ್ಳಾಪುರದ ಹೊಲದಲ್ಲಿ ನೆಟ್ಟಿದ್ದ. ಚಳಿ ದೇಶದ ದ್ರಾಕ್ಷಿ ಈ ಬಿಸಿಲಿಗೆ ಸಾಯುತ್ತೆ ಅಂತ ಊರೆಲ್ಲ ನಕ್ಕಿತು. ಸಾಯಲಿಲ್ಲ. ಮೂರು ತಲೆಮಾರಾದರೂ ಆ ಹೊಲಕ್ಕೆ ಬೇರೆ ದ್ರಾಕ್ಷಿ ಬರಲಿಲ್ಲ. ಅದರ ವೈನ್ ಬಾಟಲಿಗಳು ಮಲಗುತ್ತಿದ್ದದ್ದು ಈ ಮನೆಯಡಿಯ ಹಗೇವಿನಲ್ಲಿ, ತಾತ ರಾಗಿ ತುಂಬಿಡುತ್ತಿದ್ದ ತಣ್ಣನೆಯ ನೆಲಗುಂಡಿಯಲ್ಲಿ. ವರ್ಷಗಳು ಕಳೆದು, ನಿಂಬೆ ಜೇನುಗಳ ಘಮದ ಹಿಂದೆ ಸೀಮೆಎಣ್ಣೆಯಂಥ ವಾಸನೆಯ ಸಣ್ಣ ಎಳೆಯೊಂದು ತಾನಾಗಿಯೇ ಎದ್ದರೆ ರೀಸ್ಲಿಂಗ್ ಹದಕ್ಕೆ ಬಂತು ಅಂತ ಲೆಕ್ಕ. ಅಪ್ಪ ಮೂಸಿ, ಚಿಮಣಿ ಹತ್ತಿತು ಅಂದ ದಿನ ಮನೆಯಲ್ಲಿ ಒಬ್ಬಟ್ಟು. ಅದಕ್ಕೆ ಮುಂಚೆ ಒಂದು ಬಾಟಲಿಯೂ ಹೊಸ್ತಿಲು ದಾಟುವಂತಿರಲಿಲ್ಲ.

ಈಗ ಮಧುಸೂದನ್ ಗಂಟಲು ಸರಿಮಾಡಿಕೊಂಡು ದಾರಿಯೊಂದನ್ನು ಹೇಳಿದ. ಎಲ್ಲಿಂದಾದರೂ ಸಿಹಿ ವೈನ್ ತಂದು ಬೆರೆಸಿ ಆ ವಾಸನೆ ಮುಚ್ಚಿದರೆ, ಹಗೇವಿನಲ್ಲಿರುವುದನ್ನೆಲ್ಲ ಹೋಟೆಲ್ ಕೊಳ್ಳುತ್ತದೆ. ನಂದೀಶ ಆಗಲೇ ಒಪ್ಪಿದ್ದಾನಂತೆ.

ಗಂಗರತ್ನಮ್ಮನ ಮೈಯೆಲ್ಲ ಉರಿದುಹೋಯಿತು. ಸರಕು ತೋರಿಸಲು ನಂದೀಶ ಬೀಗ ತೆಗೆದಿಟ್ಟಿದ್ದ ಹಗೇವಿಗೆ ದಡದಡ ಇಳಿದು, ಅಪ್ಪನ ಕೊನೆಯ ಸುಗ್ಗಿಯ ಬಾಟಲಿ ತಂದು ಬಿರಡೆ ಕಿತ್ತಳು. ಗಾಜಿನ ಲೋಟಕ್ಕೆ ಸುರಿದರೆ ಹಳೇ ಚಿನ್ನದ ಬಣ್ಣ. ಅದನ್ನು ತಮ್ಮನ ಮೂಗಿಗೆ ಹಿಡಿದಳು.

"ಏನಿದು, ಹೇಳು."

ನಂದೀಶ ಮೂಸಿದ. ಅವನಿಗೆ ಗೊತ್ತಿಲ್ಲದಂತೆಯೇ ಮುಖ ಅರಳಿದ್ದನ್ನು ಅವಳು ಕಂಡಳು.

"ಚಿಮಣಿ," ಅಂದ.

"ಸರಿಯಾಗಿದ್ಯೋ, ಕೆಟ್ಟಿದ್ಯೋ? ಅವರ ಕಡೆ ತಿರುಗಿ ಹೇಳು."

ಅವನು ಮಧುಸೂದನನ ಕಡೆ ತಿರುಗಿದ. ಬಾಯಿ ತೆರೆದ. ಮತ್ತೆ ಅಕ್ಕನ ಕಡೆಗೇ ತಿರುಗಿದ.

"ಮನೆಯೊಳಗೆ ಸರಿ ಅಕ್ಕ. ಹೊರಗಡೆ ಹೇಳೋಕೆ ನಾಚಿಕೆ ಆಗುತ್ತೆ."

ಗಂಗರತ್ನಮ್ಮ ಕೂಗಲಿಲ್ಲ. ಇದು ನಿಮ್ಮ ಹೋಟೆಲಿಗಲ್ಲ ಸ್ವಾಮಿ, ಸೀಮೆಎಣ್ಣೆ ಬೇಕು ಅಂತ ಹುಡುಕಿಕೊಂಡು ಬರೋರಿಗೆ ಇಟ್ಟಿದೀವಿ ಅಂತ ಮಧುಸೂದನನಿಗೆ ಹೇಳಿದಳು. ಆಮೇಲೆ ತಮ್ಮನ ಮುಂದೆ ಕೈಚಾಚಿದಳು.

"ಹಗೇವಿನ ಬೀಗದ ಕೈ ಕೊಡು. ನಾಚಿಕೆ ಆಗೋರ ಹತ್ರ ಅದು ಇರಬಾರದು."

ನಂದೀಶ ಜೇಬಿನಿಂದ ಕೀ ತೆಗೆದ. ಅವಳ ಕೈಗೆ ಕೊಡದೆ ಲೋಟದ ಪಕ್ಕದಲ್ಲಿಟ್ಟ. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದ. ಹಾಗಾದ್ರೆ ಆರ್ಡರ್ ಕತೆ ಏನ್ರೀ ಅಂತ ಮಧುಸೂದನ್ ಅವನ ಹಿಂದೆಯೇ ಓಡಿದ. ಗಂಗರತ್ನಮ್ಮ ಕೀಯನ್ನು ಸೊಂಟಕ್ಕೆ ಸಿಕ್ಕಿಸಿ, ಲೋಟ ಎತ್ತಿ, ಬಾಗಿಲಲ್ಲಿ ನೇರವಾಗಿ ನಿಂತು ಒಂದೊಂದೇ ಗುಟುಕು ಕುಡಿದಳು. ಎಂಥಾ ಚೆಂದ ಹತ್ತಿತ್ತು ಚಿಮಣಿ.

ತಮ್ಮ ಹತ್ತಿದ ಆಟೋ ಮೆಜೆಸ್ಟಿಕ್ ಬಸ್ ನಿಲ್ದಾಣದ ಕಡೆ ತಿರುಗಿತು. ನಂದೀಶ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.